ಬೂಟು ಕಾಲಿಗೇರಿದ ದಿನ

ಜನವರಿ 9

ಡಿಪೊ ಉಸ್ತುವಾರಿಗಳಿಗೆ,

ಮಾನ್ಯ ಸರ್,

ನಮ್ಮ ಕಾರ್ಯಾಗಾರದಲ್ಲಿ ತಯಾರಾಗುವ, ಎರಡು ಬೂಟಿನ ನಡುವೆ ಕಂಬಿ ಜೋಡಿಸಿದ ಮಕ್ಕಳ ಕಂಬಿಬೂಟುಗಳನ್ನು ಮನೆಮನೆಗೆ ತಲುಪಿಸುವ ನಾಲ್ಕು ಸಾಗಣೆ ಸಂಸ್ಥೆಗಳ ಸಮಯಪಾಲನೆಯನ್ನು ಮೂರು ತಿಂಗಳಿಗೊಮ್ಮೆ ಅಳೆಯುತ್ತೇವೆ. ಪಾದ ಒಳಕ್ಕೆ ತಿರುಗಿ ಹುಟ್ಟಿದ ಮಗುವಿಗೆ ಪ್ಲಾಸ್ಟರ್ ಬಿಚ್ಚಿದ ಮೇಲೆ ಈ ಬೂಟೇ ಆಧಾರವೆಂದೂ, ಕಾಲು ಬೆಳೆದಾಗ ದೊಡ್ಡ ಜೋಡಿ ಬೇಗ ಸಿಗದಿದ್ದರೆ ಪಾದ ಮತ್ತೆ ಒಳಕ್ಕೆ ತಿರುಗಬಹುದೆಂದೂ ತಮಗೆ ತಿಳಿದೇ ಇದೆ. ಡಬ್ಬಿ ಇಲ್ಲಿಂದ ಹೊರಟ ಐದು ದಿನದೊಳಗೆ ತಲುಪಬೇಕೆಂಬುದು ಒಪ್ಪಂದ.

ಕಳೆದ ಮೂರು ತಿಂಗಳ ಫಲಿತಾಂಶ ಹೀಗಿದೆ. ಬೇರೆ ಸಂಸ್ಥೆಗಳ ಹೆಸರು ಹೇಳುವಂತಿಲ್ಲವಾದ್ದರಿಂದ ಗಾಡಿಯ ಬಣ್ಣದಿಂದ ಸೂಚಿಸಿದ್ದೇನೆ. ಹಸಿರು ಲಾರಿ ನೂರಕ್ಕೆ 97, ನೀಲಿ ವ್ಯಾನ್ 92, ಹಳದಿ ಲಾರಿ 90. ತಮ್ಮದು 59 ಡಬ್ಬಿಗಳಲ್ಲಿ 36, ಅಂದರೆ 61. ಕನಿಷ್ಠ ಮಿತಿ 85.

ತೃಪ್ತಿಕರ ವಿವರಣೆ ಬಾರದಿದ್ದಲ್ಲಿ ಮಾರ್ಚ್ 28ರ ಸಭೆಯಲ್ಲಿ ತಮ್ಮ ಭಾಗದ ಊರುಗಳನ್ನು ಹಸಿರು ಲಾರಿಯವರಿಗೆ ವಹಿಸುವ ಬಗ್ಗೆ ತೀರ್ಮಾನಿಸಲಾಗುವುದು.

ತಮ್ಮ ವಿಶ್ವಾಸಿ,
ರವಾನೆ ವಿಭಾಗ (ಸಮಯದ ಲೆಕ್ಕ)

ಬಲಮೂಲೆಯಲ್ಲಿ ಮಗುವಿನ ಹಾಲು ಚೆಲ್ಲಿದ ಕಲೆಗೆ ಕ್ಷಮೆಯಿರಲಿ. ಇನ್ನೊಮ್ಮೆ ಮುದ್ರಿಸಲು ಸಮಯವಿರಲಿಲ್ಲ.

*

ಜನವರಿ 20

ಮೇಡಂ ಅವರಿಗೆ ನಮಸ್ಕಾರ.

ಕಾಗದದ ಮೇಲೆ ಹಾಲು ಚೆಲ್ಲಿ ಕ್ಷಮೆ ಕೇಳುವ ಗಂಡಸನ್ನು ನಾನಂತೂ ನೋಡಿಲ್ಲ, ಅದಕ್ಕೇ ಮೇಡಂ ಅಂದೆ. ನೀವು ಮಾತ್ರ ನನ್ನನ್ನ ಸರ್ ಅಂದಿದ್ದೀರಿ. ಐವತ್ನಾಲ್ಕು ವರ್ಷದಲ್ಲಿ ಇದೇ ಮೊದಲು. ನಮ್ಮ ಮನೆಯವರಿಗೆ ಜೋರಾಗಿ ಓದಿ ಹೇಳಿ, "ಇನ್ಮೇಲೆ ನೀವೂ ಹಾಗೇ ಕರೀರಿ" ಅಂದೆ. "ಆಯ್ತು ಸರ್, ಊಟಕ್ಕೆ ಏನಿದೆ ಸರ್?" ಅಂತಾರೆ. ವ್ಯಾನ್ ಓಡಿಸೋದು ಅವರು, ಡಬ್ಬಿ ಕೈಗಿಡೋದು ನಾನು. ಡಿಪೊ ಅಂದರೆ ನಾವಿಬ್ಬರು, ಒಂದು ತೂಕದ ಯಂತ್ರ, ಬಾಗಿಲು ಸರಿಯಾಗಿ ಮುಚ್ಚದ ಒಂದು ಶೆಡ್ಡು.

ಮೊದಲೇ ಬರೆಯೋಣ ಅಂದರೆ ಕಂಪ್ಯೂಟರ್‌ನಲ್ಲಿ ತಡಕ್ಕೆ ಏಳೇ ಏಳು ಕಾರಣ ಇವೆ, ಅದರಲ್ಲೇ ಒಂದನ್ನ ಒತ್ತಬೇಕು. ನಮ್ಮ ಕಾರಣ ಆ ಏಳರಲ್ಲಿ ಇಲ್ಲ. ಹಾಗಾಗಿ ಮಕ್ಕಳಿಗೆ ಚಿಕ್ಕದಾದ ಹಳೇ ಬೂಟು ನಿಮ್ಮಲ್ಲಿಗೆ ವಾಪಸ್ ಬರುತ್ತಲ್ಲ, ಆ ಡಬ್ಬಿಯೊಳಗೆ ಈ ಕಾಗದ ಇಟ್ಟಿದ್ದೇನೆ. ಎಡಗಾಲಿನ ಬೂಟಿನಲ್ಲಿ ನೋಡಿ. ನೋಡಿದ್ದೀರಿ, ಅದಕ್ಕೇ ಓದುತ್ತಿದ್ದೀರಿ.

23 ಡಬ್ಬಿ ತಡ ಆಗಿದ್ದು ನಿಜ. ಅದರಲ್ಲಿ ಆರು ನಮ್ಮದೇ ತಪ್ಪು, ವ್ಯಾನ್ ಕೈಕೊಟ್ಟಿತ್ತು. ಉಳಿದ ಹದಿನೇಳು ತಡ ಅಲ್ಲ. ನಿಮ್ಮ ಲೆಕ್ಕದಲ್ಲಿ ತಡ. ನಾವು "ಬಾಗಿಲು ಹಾಕಿತ್ತು" ಬಟನ್ ಒತ್ತಲ್ಲ, ಅಷ್ಟೇ.

ಮೊಮ್ಮಗುವಿಗೆ ಎಷ್ಟು ತಿಂಗಳು?

ಇಂತಿ, ಸರ್ ಅಲ್ಲದವಳು

*

ಜನವರಿ 29

ಅಮ್ಮ ಅವರಿಗೆ,

ಕ್ಷಮಿಸಿ. ಮೊಮ್ಮಗುವಲ್ಲ, ಮಗ. ಐದು ತಿಂಗಳು. ನನಗೆ ಇಪ್ಪತ್ತೆಂಟು. ಈಗ ಅರ್ಧ ದಿನ ಕಚೇರಿ, ಉಳಿದರ್ಧ ಮನೆಯಿಂದಲೇ ಕೆಲಸ.

ವಿಷಯಕ್ಕೆ ಬರುತ್ತೇನೆ. ಮನೆಯವರು ಇಲ್ಲದಿದ್ದರೆ "ಬಾಗಿಲು ಹಾಕಿತ್ತು" ಎಂದು ನಮೂದಿಸಲು ನಿಯಮದಲ್ಲಿ ಅವಕಾಶವಿದೆ. ಮೊದಲ ಸಲ ಬಾಗಿಲಿಗೆ ಹೋದ ಹೊತ್ತೇ ತಲುಪಿದ ಹೊತ್ತೆಂದು ಲೆಕ್ಕ. ಮನೆಯಲ್ಲಿ ಯಾರೂ ಇಲ್ಲದ್ದು ಸಾಗಣೆಯವರ ತಪ್ಪಲ್ಲವಲ್ಲ? ಉಳಿದ ಮೂವರೂ ಹಾಗೇ ಮಾಡುತ್ತಾರೆ. ನೀವು ಆ ಒಂದು ಬಟನ್ ಒತ್ತಿದ್ದರೆ ಈ ನೋಟಿಸ್ ಬರುತ್ತಲೇ ಇರಲಿಲ್ಲ. ಯಾಕೆ ಒತ್ತುವುದಿಲ್ಲ ಎಂದು ದಯವಿಟ್ಟು ಬಿಡಿಸಿ ಬರೆಯಿರಿ. ಸಭೆಗೆ ಇನ್ನೂ ಎರಡು ತಿಂಗಳಿದೆ.

ನಿಮ್ಮ ಕಾಗದ ಓದಿ ನಕ್ಕೆ. ಕಚೇರಿಯಲ್ಲಿ ಪಕ್ಕದವರು ತಿರುಗಿ ನೋಡಿದರು. ನಾನು ನಕ್ಕು ಬಹಳ ದಿನವಾಗಿತ್ತೆಂದು ಕಾಣುತ್ತದೆ.

*

ಫೆಬ್ರವರಿ 8

ತಂಗಿ,

ಇಪ್ಪತ್ತೆಂಟು ಅಂದ ಮೇಲೆ ಮೇಡಂ ಬಾಯಿಗೆ ಬರಲ್ಲ. ನೀನೂ ಅಮ್ಮ ಅನ್ನಬೇಡ, ಅಮ್ಮ ಅನ್ನೋಕೆ ನನಗೆ ಮೂವರಿದ್ದಾರೆ. ಅಕ್ಕ ಅಂದರೆ ಸಾಕು.

ಯಾಕೆ ಒತ್ತಲ್ಲ ಅಂದರೆ ಕೇಳು. ನಮ್ಮ ಸಾಲಿನಲ್ಲಿ ಬಟ್ಟೆ ಒಗೆಯೋ ಅಂಗಡಿಯಲ್ಲಿ ಕೆಲಸ ಮಾಡೋ ಒಬ್ಬ ತಾಯಿ ಇದ್ದಾಳೆ. ಹಗಲು ಮಗು ಅಜ್ಜಿ ಮನೆಯಲ್ಲಿ. ಹಾಗಾಗಿ ಹಗಲು ಹೋದರೆ ಬೀಗ. ನಾನು ಬಟನ್ ಒತ್ತಿದರೆ ಡಬ್ಬಿ ವಾಪಸ್ ಶೆಡ್ಡಿಗೆ, ಗಡಿಯಾರ ನಿಂತಿತು, ನಾನು ಒಳ್ಳೆಯವಳು. ಆಮೇಲೆ ಅವಳು ಫೋನ್ ಮಾಡಬೇಕು, ರಜೆ ಹಾಕಬೇಕು, ಬಸ್ ಹತ್ತಿ ಬರಬೇಕು. ಹತ್ತು ದಿನ ಹೋಯಿತು. ಮಗುವಿನ ಪಾದಕ್ಕೆ ನನ್ನ ಬಟನ್ ಗೊತ್ತಾ? ಅದು ತನ್ನ ಪಾಡಿಗೆ ಒಳಕ್ಕೆ ತಿರುಗ್ತಾ ಇರುತ್ತೆ. ಅದಕ್ಕೆ ನಾವು ಸಂಜೆ ಮತ್ತೆ ಹೋಗ್ತೀವಿ. ಸಿಗದಿದ್ದರೆ ನಾಳೆ. ಅಂಥವು ಹತ್ತು.

ಇನ್ನು ಏಳು, ಅಳತೆ ತಪ್ಪಿದ್ದು. ನಾನು ಡಬ್ಬಿ ಕೊಟ್ಟು ಬರೋದಿಲ್ಲ. ಬೂಟು ಹಾಕಿಸಿ, ಹಿಮ್ಮಡಿಯ ಹತ್ತಿರ ಒಂದು ಸಣ್ಣ ತೂತು ಇದೆಯಲ್ಲ, ಅದರಲ್ಲಿ ಇಣುಕಿ ನೋಡ್ತೀನಿ. ಹಿಮ್ಮಡಿ ಕೆಳಗೆ ಕೂತಿದ್ದರೆ ಸರಿ. ಕೂರದಿದ್ದರೆ ವಾಪಸ್, ಬೇರೆ ಅಳತೆ ಬರೋವರೆಗೆ ತಲುಪಿತು ಅಂತ ಒತ್ತಲ್ಲ. ಡಬ್ಬಿ ತಲುಪಿದರೆ ಆಯ್ತಾ? ಬೂಟು ಕಾಲಿಗೇರಬೇಕು.

ನಾಲ್ಕೂವರೆ ವರ್ಷದ ಒಬ್ಬಳಿದ್ದಾಳೆ, ನಾವು ಅವಳಿಗೆ ಇನ್ಸ್‌ಪೆಕ್ಟರ್ ಅಂತೀವಿ. ಮಲಗುವಾಗ ಮಾತ್ರ ಬೂಟು ಈಗ. ನಾನು ತೂತಿನಲ್ಲಿ ಇಣುಕಿದರೆ, "ಏನ್ ಕಾಣ್ತು? ಬರ್ಕೋ!" ಅಂತ ಗದರ್ತಾಳೆ. ಅವಳ ಭಯಕ್ಕೇ ನಾನು ಒಂದು ರಿಜಿಸ್ಟರ್ ಇಟ್ಟಿದ್ದು. ಹೋದ ದಿನ, ಸಿಕ್ಕಿದ ದಿನ, ಹಿಮ್ಮಡಿ ಕೂತಿತೋ ಇಲ್ಲವೋ, ಮಗುವಿನ ಮನೆಯವರ ಸಹಿ.

ನಿನ್ನ ಮಗ ಹೇಗಿದ್ದಾನೆ? ನಗು ಬಂದು ಬಹಳ ದಿನವಾಗಿತ್ತು ಅಂದೆಯಲ್ಲ, ಯಾಕೆ?

*

ಫೆಬ್ರವರಿ 17

ಅಕ್ಕಾ,

ನಿಮ್ಮ ಕಾಗದ ಬಂದ ದಿನ ಹಳೆಯ ದಾಖಲೆಯನ್ನೆಲ್ಲ ಹರಡಿಕೊಂಡು ಕೂತೆ. ಹಸಿರು ಲಾರಿಯವರು ಒಯ್ದದ್ದು 64 ಡಬ್ಬಿ, ಸಮಯಕ್ಕೆ 62. ಆ 62ರಲ್ಲಿ 27 "ಬಾಗಿಲು ಹಾಕಿತ್ತು"! ಇಷ್ಟು ದಿನ ಆ ಪದವನ್ನು ನಾನು ಓದಿಯೇ ಇರಲಿಲ್ಲ. ಹಾಳೆಯಲ್ಲಿ ಸಾಲು ಕೆಂಪಾಗದಿದ್ದರೆ ಸಾಕಿತ್ತು. ಆ 27 ಮನೆಗಳಿಗೂ ಫೋನ್ ಮಾಡಿದೆ, ಒಂದು ಕೈಯಲ್ಲಿ ಮಗುವನ್ನು ತಟ್ಟುತ್ತಾ. "ಬೂಟು ಮಗುವಿನ ಕಾಲಿಗೆ ಯಾವತ್ತು ಹಾಕಿದಿರಿ?" ಎಂಬ ಒಂದೇ ಪ್ರಶ್ನೆ. ಐದು ದಿನದೊಳಗೆ ಹಾಕಿದವರು ಮೂವರು. ಒಬ್ಬ ತಂದೆ, "ಯಾಕಮ್ಮ ಈಗ ಕೇಳ್ತೀರಿ? ಮತ್ತೆ ಪ್ಲಾಸ್ಟರ್ ಹಾಕಿಸಿ ಆಯ್ತು" ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಉಳಿದಿಬ್ಬರದ್ದೂ ಹಾಗೇ ವಿಚಾರಿಸಿದೆ. ಕಾಲಿಗೇರಿದ ದಿನವನ್ನು ಲೆಕ್ಕ ಹಿಡಿದರೆ ಹಸಿರು 97ರಿಂದ 59ಕ್ಕೆ, ಹಳದಿ 90ರಿಂದ 48ಕ್ಕೆ ಇಳಿದವು. ನೀಲಿ ವ್ಯಾನಿನವರು ನಿಜಕ್ಕೂ ಓಡಾಡುತ್ತಾರೆ, 79. ನಿಮ್ಮದು 61 ಇದ್ದದ್ದು 61ಕ್ಕೇ ನಿಂತಿದೆ. ನಾಲ್ವರಲ್ಲಿ ಕದಲದೇ ಇದ್ದ ಅಂಕಿ ಅದೊಂದೇ. ನೀವು ಎರಡನೆಯವರು. ಮೊದಲನೆಯವರಲ್ಲ, ಸುಳ್ಳು ಹೇಳಲಾರೆ.

ಇನ್ನೊಂದು ಮಾತು. ಹೋದ ಪತ್ರದಲ್ಲಿ "ನಿಯಮದಲ್ಲಿ ಅವಕಾಶವಿದೆ" ಎಂದು ಬರೆದೆನಲ್ಲ, ಆ ನಿಯಮ ಮಾಡಿದವಳು ನಾನೇ. ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಹೊಸತು. ಸಾಗಣೆಯವರಿಗೆ ಅನ್ಯಾಯವಾಗಬಾರದೆಂದು ಮೊದಲ ಭೇಟಿಯನ್ನೇ ಲೆಕ್ಕಕ್ಕೆ ತೆಗೆದುಕೊಂಡೆ. ಮ್ಯಾನೇಜರ್ ಬೆನ್ನು ತಟ್ಟಿದ್ದರು. ನಿಮ್ಮ ಊರುಗಳನ್ನು ಹಸಿರಿಗೆ ಕೊಡುವ ಟಿಪ್ಪಣಿ ಬರೆದಿಟ್ಟವಳೂ ನಾನೇ. ಸಹಿಯಾಗುವುದೊಂದು ಬಾಕಿ.

ತಡೆಯಬೇಕೆಂದರೆ ನನಗೆ ನಿಮ್ಮ ರಿಜಿಸ್ಟರ್ ಬೇಕು. ನಿಮ್ಮ 59 ಮನೆಗಳಲ್ಲಿ ಫೋನಿಗೆ ಸಿಕ್ಕವರು ಇಪ್ಪತ್ತೆರಡೇ. "ಅವರೂ ಬೇರೆಯವರ ಹಾಗೇ ಅಲ್ಲವೆಂದು ಏನು ಗ್ಯಾರಂಟಿ?" ಎಂದು ಮ್ಯಾನೇಜರ್ ಕೇಳಿಯೇ ಕೇಳುತ್ತಾರೆ. ಮನೆಯವರ ಸಹಿ ಇರುವ ಪುಟಗಳು ಮಾರ್ಚ್ 28ರ ಮೊದಲು ನನ್ನ ಕೈಯಲ್ಲಿರಲಿ.

ಯಾಕೆ ನಗಲಿಲ್ಲ ಎಂದು ಕೇಳಿದಿರಿ. ಮಗ ಇನ್ನೂ ಮಗುಚಿಕೊಂಡಿಲ್ಲ. ಪುಸ್ತಕದ ಪ್ರಕಾರ ಆಗಬೇಕಿತ್ತು. ಅವನ ಹಾಲು, ನಿದ್ದೆ ಎಲ್ಲವನ್ನೂ ಕಚೇರಿಯಂಥದೇ ಹಾಳೆಯಲ್ಲಿ ಬರೆದಿಡುತ್ತೇನೆ. "ಮಗುಚುವುದು" ಎಂಬ ಸಾಲು ಕೆಂಪಾಗಿದೆ. ಕಣ್ಣು ಮುಚ್ಚಿದರೂ ಅದೇ ಕಾಣುತ್ತದೆ. ಡಾಕ್ಟರ್ ಏನೂ ತೊಂದರೆಯಿಲ್ಲ ಎನ್ನುತ್ತಾರೆ.

*

ಮಾರ್ಚ್ 6

ಅಕ್ಕಾ,

ನಾನು ಬರೆದು ಹದಿನೇಳು ದಿನವಾಯಿತು. ನಿಮ್ಮಿಂದ ಒಂದು ಸಾಲೂ ಇಲ್ಲ. ಎರಡು ಸಲ ಫೋನ್ ಮಾಡಿದೆ. ನಿಮ್ಮ ಮನೆಯವರು, "ಬರೆದಿಟ್ಟಿದ್ದಾಳಮ್ಮ, ಬರುತ್ತೆ" ಎಂದರು. ಹಿಂದೆ ಗಾಡಿಯ ಸದ್ದು, ಮುಂದೆ ಏನೂ ಕೇಳಿಸಲಿಲ್ಲ.

ನಿಮಗೆ ಕೋಪ ಬಂದಿರಬೇಕು. ಬರಲೇಬೇಕು. ಎರಡು ವರ್ಷ ನಿಮ್ಮ ಶ್ರಮವನ್ನೆಲ್ಲ ಕೆಂಪು ಬಣ್ಣದಲ್ಲಿ ತೋರಿಸಿ, ಕೊನೆಗೆ ನಿಮ್ಮಿಂದಲೇ ಸಾಕ್ಷಿ ಕೇಳುತ್ತಿದ್ದೇನೆ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ ಅಕ್ಕಾ. ಆದರೆ ಬಟ್ಟೆ ಒಗೆಯುವ ಆ ತಾಯಿಯ ಮನೆಗೆ ಮುಂದಿನ ತಿಂಗಳಿಂದ ಹಸಿರು ಲಾರಿ ಹೋಗುತ್ತದೆ. ಬೀಗ ನೋಡುತ್ತದೆ, ಬಟನ್ ಒತ್ತುತ್ತದೆ. ಅವಳಿಗೋಸ್ಕರವಾದರೂ ರಿಜಿಸ್ಟರ್ ಕಳಿಸಿ.

ಆ ಪುಟಗಳಿಲ್ಲದಿದ್ದರೂ ನಾನು ಸಭೆಯಲ್ಲಿ ಮಾತಾಡುತ್ತೇನೆ. ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲ. ಮಗನ ಮುಂದೆ ಅಭ್ಯಾಸ ಮಾಡುತ್ತಿದ್ದೇನೆ, ಅವನು ಬೆನ್ನ ಮೇಲೆ ಮಲಗಿ ಕೇಳುತ್ತಾನೆ.

*

ಫೆಬ್ರವರಿ 24

ತಂಗಿ,

ಕೋಪವೂ ಇಲ್ಲ, ಏನೂ ಇಲ್ಲ. ನಿಯಮ ಮಾಡಿದ್ದು ನಾನೇ ಅಂತ ಬರೆದು ಕಳಿಸಿದವರು ನನಗೆ ಇಲ್ಲಿಯವರೆಗೆ ಸಿಕ್ಕಿರಲಿಲ್ಲ. ಮನೆಯವರಿಗೆ ಓದಿ ಹೇಳಿದೆ. "ಈ ಹುಡುಗೀನ ಬಿಡಬೇಡ" ಅಂದರು.

ರಿಜಿಸ್ಟರ್ ಇದರ ಜೊತೆಗಿದೆ. ಎರಡನೇ ಸ್ಥಾನ ಅಂದೆಯಲ್ಲ. ನೀಲಿಯವರಿಗೆ ಎರಡು ವ್ಯಾನ್, ನಮಗೆ ಒಂದು, ಅದನ್ನೂ ಬರೆದುಕೋ!

ಮಗನ ವಿಷಯ. ಡಾಕ್ಟರ್ ಸರಿ ಅಂದಿದ್ದಾರಾ? ಸರಿ ಅಂದಿದ್ದರೆ ಆ ಕೆಂಪು ಅಳಿಸು. ನಮ್ಮ ಕಂಪ್ಯೂಟರ್‌ನಲ್ಲಿ ಡಬ್ಬಿ ಇನ್ನೂ ಬಂದಿಲ್ಲ ಅಂದರೆ "ತಡ" ಅಂತ ತೋರಿಸಲ್ಲ, "ದಾರಿಯಲ್ಲಿದೆ" ಅಂತ ತೋರಿಸುತ್ತೆ. ಅವನ ಸಾಲಿನಲ್ಲಿ ಅದನ್ನ ಬರಿ.

ಮಾರ್ಚ್ 11, ಮುಂದುವರಿಕೆ

ಅಯ್ಯೋ ತಂಗಿ, ನಿನ್ನ ಆರನೇ ತಾರೀಕಿನ ಕಾಗದ ಈಗ ಬಂತು. ನಾನೆಂಥ ಪೆದ್ದಿ! ಮೇಲಿನದನ್ನ ಬರೆದು, ವಾಪಸ್ ಹೋಗೋ ಬೂಟಿನ ಡಬ್ಬಿಯಲ್ಲಿ ಇಡೋಣ ಅಂತ ಕಾದೆ. ಈ ತಿಂಗಳು ಒಂದು ಮಗುವಿನ ಕಾಲೂ ಬೆಳೆಯಲಿಲ್ಲ. ವಾರಕ್ಕೆರಡು ಡಬ್ಬಿ ವಾಪಸ್ ಹೋಗ್ತಿತ್ತು, ನಾನು ಕಾಯ್ತಾ ಕೂತಾಗಲೇ ಎಲ್ಲ ಮಕ್ಕಳೂ ಒಪ್ಪಂದ ಮಾಡಿಕೊಂಡ ಹಾಗೆ ನಿಂತುಬಿಟ್ಟವು.

ಬೇರೆಯವರ ಕೈಲಿ ಕಳಿಸಬಹುದಿತ್ತು. ನಮ್ಮ ವ್ಯಾನ್ ಬಿಟ್ಟರೆ ನಮ್ಮ ಊರಿಂದ ನಿಮ್ಮಲ್ಲಿಗೆ ಓಡೋದು ಹಸಿರು ಲಾರಿ ಒಂದೇ. ಅವರ ಕೈಗೆ ಈ ರಿಜಿಸ್ಟರ್ ಕೊಡಲಾ? ಮೂವತ್ತು ವರ್ಷ ಡಬ್ಬಿ ತಲುಪಿಸಿದವಳು ನನ್ನದೇ ಒಂದು ಡಬ್ಬಿಯನ್ನ ಶೆಡ್ಡಿನಲ್ಲಿ ಇಟ್ಟುಕೊಂಡು ಕೂತಿದ್ದೇನೆ, ನೋಡು.

ನಾಳೆ ಬೆಳಿಗ್ಗೆ ಮನೆಯವರೇ ವ್ಯಾನ್‌ನಲ್ಲಿ ಹೊರಡ್ತಾರೆ. ನಿನ್ನ ಕೈಗೇ ಕೊಡಬೇಕು ಅಂತ ಹೇಳಿದ್ದೇನೆ.

*

ಮಾರ್ಚ್ 29

ಅಕ್ಕಾ,

ಮೊದಲು ನಿಮ್ಮ ಮನೆಯವರ ಬಗ್ಗೆ ಹೇಳಿಬಿಡುತ್ತೇನೆ. ಅವತ್ತು ನಾನು ಮಧ್ಯಾಹ್ನದವರೆಗೆ ಮನೆಯಲ್ಲಿದ್ದೆ. ಅವರು ಹನ್ನೊಂದಕ್ಕೆ ನಮ್ಮ ಗೇಟಿಗೆ ಬಂದರಂತೆ. ಕಾವಲಿನವರು, "ಇಲ್ಲೇ ಕೊಟ್ಟು ಹೋಗಿ, ಕೊಡ್ತೀವಿ" ಎಂದರಂತೆ. "ಇಲ್ಲ, ಅವರು ಬರಲಿ." "ಬರೋದು ಎರಡು ಗಂಟೆಗೆ." "ಎರಡಕ್ಕೇ ಬರಲಿ." ಮೂರು ಗಂಟೆ ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಹೋದಾಗ ಎದ್ದು ನಿಂತು ಡಬ್ಬಿ ಕೊಟ್ಟರು. ಸಹಿ ಹಾಕಲು ಪೆನ್ನು ತೆಗೆದರೆ, "ಮೊದಲು ಬಿಚ್ಚಿ ನೋಡಿ ತಾಯಿ. ಪುಟ ಎಲ್ಲ ಇದೆಯಾ ಎಣಿಸಿ" ಎಂದರು. ನಾನು ಎಣಿಸುವವರೆಗೆ ಬಗ್ಗಿ ನೋಡುತ್ತಿದ್ದರು, ನೀವು ಹಿಮ್ಮಡಿಯ ತೂತಿನಲ್ಲಿ ಇಣುಕುವುದು ಹೀಗೇ ಇರಬೇಕು ಎನ್ನಿಸಿತು. ಆಮೇಲೆ ಹೊರಡುವಾಗ ಮೆಲ್ಲಗೆ ಹೇಳಿದರು. "ಈ ಊರುಗಳು ಹೋದರೆ ಡಿಪೊ ಮುಚ್ಚಬೇಕು. ಅವಳು ಬರೆದಿರಲ್ಲ. ನಾನು ಹೇಳಿದೆ ಅನ್ನಬೇಡಿ."

ಅಂದುಬಿಟ್ಟೆ, ಬೈಯಬೇಡಿ. ನೀವು ಇದನ್ನು ಒಂದು ಕಾಗದದಲ್ಲೂ ಬರೆಯಲಿಲ್ಲ. ಬಟ್ಟೆ ಒಗೆಯುವವಳ ವಿಷಯ ಬರೆದಿರಿ, ಇನ್ಸ್‌ಪೆಕ್ಟರ್ ವಿಷಯ ಬರೆದಿರಿ. ನಾನು ಇಂಥವರನ್ನು ನೋಡಿಲ್ಲ ಅಕ್ಕಾ.

ನಿನ್ನೆ ಸಭೆ. ರಿಜಿಸ್ಟರನ್ನು ಮೇಜಿನ ಮೇಲಿಟ್ಟು ಓದಿದೆ. ಒಂದು ಪುಟ ಪೂರ್ತಿ. "ಹೋದದ್ದು ಮೂರನೇ ತಾರೀಕು, ಬೀಗ. ಸಂಜೆ ಮತ್ತೆ, ಬೀಗ. ನಾಲ್ಕನೇ ತಾರೀಕು ಸಂಜೆ ಸಿಕ್ಕರು. ಬಲಹಿಮ್ಮಡಿ ಕೂರಲಿಲ್ಲ, ವಾಪಸ್. ಹನ್ನೊಂದನೇ ತಾರೀಕು ಹೊಸ ಜೋಡಿ. ಕೂತಿತು. ಮಗು ನಕ್ಕಿತು." ಇದು ನಮ್ಮ ಲೆಕ್ಕದಲ್ಲಿ "ತಡ". ಪಕ್ಕದಲ್ಲೇ ಹಸಿರು ಲಾರಿಯ ಒಂದು ಸಾಲು ಓದಿದೆ. "ಬಾಗಿಲು ಹಾಕಿತ್ತು. ಸಮಯಕ್ಕೆ."

ಮ್ಯಾನೇಜರ್ ತಲೆ ಕೆರೆದುಕೊಂಡು, "ಹಾಗಾದ್ರೆ ಎಂಬತ್ತೈದು ದಾಟಿದವರು ಒಬ್ಬರೂ ಇಲ್ವಲ್ಲಮ್ಮ. ಯಾರನ್ನ ತೆಗೆಯೋದು?" ಎಂದರು.

"ಆ 'ಬಾಗಿಲು ಹಾಕಿತ್ತು' ಕಾಲಂ ತೆಗೀರಿ ಸರ್" ಎಂದೆ. ನನ್ನ ದನಿ ನನಗೇ ಹೊಸತಾಗಿತ್ತು.

ತೆಗೆದರು. ನಿಮ್ಮ ಊರುಗಳು ನಿಮ್ಮಲ್ಲೇ ಇವೆ. ಮುಂದಿನ ತಿಂಗಳಿಂದ ನಾಲ್ವರಿಗೂ ಒಂದೇ ಕಾಲಂ, "ಬೂಟು ಕಾಲಿಗೇರಿದ ದಿನ". ಅಳತೆ ತಪ್ಪಿದ ಏಳು ಜೋಡಿ ನಮ್ಮ ತಪ್ಪು, ಅದು ನಮ್ಮ ಹೆಸರಿಗೇ ಬರುತ್ತದೆ. ವಾಪಸ್ ಬರುವ ಡಬ್ಬಿಯಲ್ಲಿ ಮಗುವಿನ ಪಾದದ ಗೆರೆ ಎಳೆದ ಕಾಗದ ಇಟ್ಟರೆ ಮುಂದಿನ ಅಳತೆ ತಪ್ಪುವುದಿಲ್ಲ ಎಂದು ಬೂಟು ಹೊಲಿಯುವವರು ಹೇಳಿದ್ದಾರೆ. ಆ ಕೆಲಸ ನಿಮ್ಮಿಂದಲೇ ಶುರುವಾಗಲಿ.

ಮಗನ ಸಾಲಿನಲ್ಲಿ "ದಾರಿಯಲ್ಲಿದೆ" ಎಂದು ಬರೆದೆ. ಆ ಭಾನುವಾರ ಮಧ್ಯಾಹ್ನ ಅವನ ಜೊತೆ ನಾನೂ ಮಲಗಿಬಿಟ್ಟೆ, ಹಾಳೆ ತುಂಬದೆ. ಎಚ್ಚರವಾದಾಗ ಅವನು ಹೊಟ್ಟೆಯ ಮೇಲಿದ್ದ. ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದ, ಬಹಳ ಹೊತ್ತಿನಿಂದ ಕಾಯುತ್ತಿದ್ದವನ ಹಾಗೆ. ಎಷ್ಟು ಗಂಟೆಗೆ ಮಗುಚಿದನೋ ಗೊತ್ತಿಲ್ಲ.

ನಿಮ್ಮ ತಂಗಿ

*

ಜೂನ್ 2

ತಂಗಿ,

ಮಗನಿಗೆ ನನ್ನ ಪರವಾಗಿ ಬೆನ್ನು ತಟ್ಟು, ಮೆಲ್ಲಗೆ. ಮನೆಯವರಿಗೆ ಬೈಯಲಿಲ್ಲ. ಒಂದು ದಿನ ಮಾತಾಡಲಿಲ್ಲ, ಅಷ್ಟೇ. "ಸರ್‌ಗೆ ಕೋಪ ಬಂದಿದೆ" ಅಂತ ಶೆಡ್ಡಿಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು.

ಏಪ್ರಿಲ್‌ನಿಂದ ಮೇವರೆಗೆ 41 ಡಬ್ಬಿ. ಪಾದದ ಗೆರೆ ಎಳೆದು ಕಳಿಸಿದ ಮೇಲೆ ಅಳತೆ ತಪ್ಪಿದ್ದು ಒಂದೇ. ನಮ್ಮದೇ ತಪ್ಪಿನಿಂದ ತಡ ಆಗಿದ್ದು ಮೂರು. ಏಳು ಕಾರಣದ ಪಟ್ಟಿಯಲ್ಲಿ ಹುಡುಕಲಿಲ್ಲ, ಕೆಳಗೆ ಕೈಯಲ್ಲೇ ಬರೆದೆ.

ಈ ಡಬ್ಬಿಯಲ್ಲಿ ಇರೋದು ಇನ್ಸ್‌ಪೆಕ್ಟರ್ ಬೂಟು. ಮೊನ್ನೆ ದೊಡ್ಡ ಜೋಡಿ ತೆಗೆದುಕೊಂಡು ಹೋದೆ. ಯಾವಾಗಲೂ ಅವಳಮ್ಮ ಎತ್ತಿಕೊಂಡು ಬರುತ್ತಿದ್ದಳು, ಇಲ್ಲ ನಾನೇ ಒಳಗೆ ಹೋಗುತ್ತಿದ್ದೆ. ಮೊನ್ನೆ ನಾನು ಗೇಟು ತೆಗೆಯೋ ಹೊತ್ತಿಗೆ ಮೆಟ್ಟಿಲಿಳಿದು ಓಡಿ ಬಂದಳು, ಹಳೇ ಬೂಟಿನ ಡಬ್ಬಿ ಎದೆಗೆ ಅವುಚಿಕೊಂಡು.

"ತಗೋ. ಇನ್ನು ಬೇಡ. ಡಾಕ್ಟರ್ ಹೇಳಿದ್ರು."

"ನಾನು ತಂದಿರೋ ಹೊಸದು?"

"ಅದೂ ಬೇಡ. ವಾಪಸ್ ಹೋಗು. ಬರ್ಕೋ!"

ನಾನು ರಿಜಿಸ್ಟರ್ ತೆಗೆದೆ. ಹೋದ ದಿನ ಬರೆದೆ. ಸಿಕ್ಕಿದ ದಿನ ಬರೆದೆ. ಕಾಲಿಗೇರಿದ ದಿನ ಅನ್ನೋ ಕಡೆ ಪೆನ್ನು ನಿಂತಿತು. ತಂದ ಡಬ್ಬಿ ಬೇಡ ಅಂದರೆ ನಿನ್ನ ಲೆಕ್ಕದಲ್ಲಿ ಅದು ತಲುಪಿದ ಹಾಗೋ, ತಲುಪದ ಹಾಗೋ? ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂದು ಕಾಲಂ ಕಾಣಲಿಲ್ಲ. ಅವಳು ಬಗ್ಗಿ ನನ್ನ ಮುಖ ನೋಡಿ, "ಪೆನ್ನು ಕೊಡು" ಅಂತ ಕಿತ್ತುಕೊಂಡಳು.

ಅವಳೇ ನಿಂತು, ಅವಳೇ ಬಗ್ಗಿ, ತನ್ನ ಪಾದದ ಗೆರೆ ಅವಳೇ ಎಳೆದದ್ದು. ಈ ಕಾಗದದ ಹಿಂಬದಿ ತಿರುಗಿಸಿ ನೋಡು. ಗೆರೆ ಅಲ್ಲಲ್ಲಿ ಅಲುಗಾಡಿದೆ, ಅದಕ್ಕೆ ನಾನು ಜವಾಬ್ದಾರಳಲ್ಲ. ಆದರೆ ಎರಡು ಪಾದವೂ ನೋಡು, ಹೇಗೆ ನೆಟ್ಟಗೆ ನಿನ್ನ ಕಡೆಗೇ ಮುಖ ಮಾಡಿವೆ.